ಎಲ್ಲ ಬೆಟ್ಟಕ್ಕೂ ಒಂದೇ ಬೂಟು?

ಪ್ರಶ್ನೆ: ಸರ್, ಈ ವರ್ಷ ಕುಮಾರಪರ್ವತ, ಮುಂದಿನ ಮೇನಲ್ಲಿ ಮನಾಲಿ ಬಳಿಯ ಫ್ರೆಂಡ್‌ಶಿಪ್ ಶಿಖರ ಹತ್ತುವ ಆಸೆ. ಎರಡಕ್ಕೂ ಆಗುವ ಬೂಟು ಯಾವುದು?

ಉತ್ತರ: ಕುಮಾರಪರ್ವತವನ್ನು ಈ ಲೆಕ್ಕದಿಂದ ಬಿಟ್ಟುಬಿಡಿ. 1,712 ಮೀಟರಿನ ಆ ಬೆಟ್ಟಕ್ಕೆ ಒಳ್ಳೆಯ ಹಿಡಿತವಿರುವ ಹಗುರ ಶೂ ಸಾಕು. ಹಿಮದ ಬೂಟು ಹಾಕಿಕೊಂಡು ಅದರ ದಾರಿಯ ಗಿರಿಗದ್ದೆಯ ಏರು ಹತ್ತಿದರೆ ಹಿಮ್ಮಡಿಯಲ್ಲಿ ಬೊಬ್ಬೆ ಏಳುವುದು ಗ್ಯಾರಂಟಿ.

ಫ್ರೆಂಡ್‌ಶಿಪ್ 5,289 ಮೀಟರ್. ಅಲ್ಲಿ ಹಿಮದಲ್ಲಿ ಜಾರದಂತೆ ಬೂಟಿನಡಿ ಕಟ್ಟುವ ಮುಳ್ಳುಚೌಕಟ್ಟು, ಅಂದರೆ ಕ್ರಾಂಪಾನ್, ಕಟ್ಟಲೇಬೇಕು. ಸೋಲ್ ಎಷ್ಟು ಬಿಗಿ ಎಂಬುದರ ಮೇಲೆ ಬೂಟುಗಳನ್ನು ಬಿ0ಯಿಂದ ಬಿ3ರವರೆಗೆ ವಿಂಗಡಿಸುತ್ತಾರೆ. ಬಿ1 ತುಸು ಬಾಗುತ್ತದೆ, ಪಟ್ಟಿ ಬಿಗಿಯುವ ಕ್ರಾಂಪಾನ್ ಮಾತ್ರ ಅದಕ್ಕೆ ಒಗ್ಗುತ್ತದೆ. ಬಿ3 ಕಡಿದಾದ ಮಂಜುಗಡ್ಡೆಗೆ ಸರಿ, ಕಲ್ಲು-ಮಣ್ಣಿನ ದಾರಿಯಲ್ಲಿ ಶಿಕ್ಷೆ. ನಿಮಗೆ ಬಿ2. ಅದರ ಹಿಮ್ಮಡಿಯಲ್ಲೊಂದು ಗಟ್ಟಿ ಅಂಚಿರುತ್ತದೆ. ಅರೆ-ಸ್ವಯಂಚಾಲಿತ ಕ್ರಾಂಪಾನಿನ ಕೊಂಡಿ ಅಲ್ಲಿ ಕಚ್ಚಿಕೊಳ್ಳುತ್ತದೆ. ನಡೆಯಲೂ ಅಷ್ಟೇನೂ ತ್ರಾಸವಿಲ್ಲ.

ಸಂಜೆ ಹೊತ್ತು, ಪಾದ ಸ್ವಲ್ಪ ಊದಿಕೊಂಡಿರುವಾಗ, ದಪ್ಪ ಕಾಲುಚೀಲ ಹಾಕಿಕೊಂಡು ನೋಡಿ ಬೂಟು ಕೊಳ್ಳಿ. ಇಳಿಜಾರಿನಲ್ಲಿ ನಿಂತಾಗ ಬೆರಳು ಮುಂದೆ ತಾಗಬಾರದು, ಹಿಮ್ಮಡಿ ಮೇಲೇಳಬಾರದು. ಅಂಗಡಿಯವರು ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ’ ಅಂದರೆ ನಂಬಬೇಡಿ. ಬಿಗಿ ಸೋಲಿನ ಬೂಟು ಹಿಗ್ಗುವುದು ಕಡಿಮೆ.

ಒಂದೇ ಸಲದ ಆಸೆಯಾದರೆ ದುಡ್ಡು ಸುರಿಯಬೇಡಿ. ಮನಾಲಿಯಲ್ಲಿ ಬಾಡಿಗೆಗೆ ಸಿಗುತ್ತದೆ.