ಕಟ್ಟಡದಲ್ಲಿ ರಾತ್ರಿ ಒಬ್ಬರೇ ಇರುವಾಗ

ಕಟ್ಟುತ್ತಿರುವ ಮನೆ, ಅಪಾರ್ಟ್‌ಮೆಂಟುಗಳಲ್ಲಿ ರಾತ್ರಿ ಒಂಟಿಯಾಗಿ ಉಳಿಯುವವರು ಹೆಚ್ಚಾಗಿ ವಾಚ್‌ಮನ್‌ಗಳು. ಕಾವಲಿನ ಜೊತೆಗೆ ಗೋಡೆ, ಕಂಬಗಳಿಗೆ ನೀರು ಹಾಯಿಸುವ ಕ್ಯೂರಿಂಗ್ ಕೆಲಸವೂ ಎಷ್ಟೋ ಕಡೆ ಅವರ ಪಾಲಿಗೇ ಬರುತ್ತದೆ. ಲಿಫ್ಟ್ ಗುಂಡಿ, ಮುಚ್ಚಳವಿಲ್ಲದ ಸಂಪು, ಕಂಬಿ ಕೂರಿಸದ ಮೆಟ್ಟಿಲು ಕತ್ತಲಲ್ಲಿ ಕಾಣುವುದಿಲ್ಲ. ಬೆಳಕಿರುವಾಗಲೇ ಒಂದು ಸುತ್ತು ಹಾಕಿ ಅವುಗಳಿಗೆ ಅಡ್ಡ ಕಟ್ಟಿಸಿಕೊಳ್ಳಬೇಕು. ಮೇಲಿನ ಮಹಡಿಗಳಿಗೆ ನೀರು ಬಿಡುವುದನ್ನು ಸಂಜೆಯೊಳಗೆ ಮುಗಿಸುವುದೇ ಸರಿ. ಒದ್ದೆ ನೆಲದಲ್ಲಿ ಮೋಟಾರಿನ ವೈರು ಬಿದ್ದಿರಬಾರದು. ತಾತ್ಕಾಲಿಕ ಸಂಪರ್ಕಕ್ಕೆ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ ಹಾಕಿಸುವುದು ಕೆಲಸ ಮಾಡಿಸುವವರ ಹೊಣೆ.

ಎಲ್ಲಕ್ಕಿಂತ ಮೋಸದ ಅಪಾಯ ಚಳಿಗಾಲದ್ದು. ಶೆಡ್ಡಿನ ಬಾಗಿಲು ಹಾಕಿಕೊಂಡು ಒಳಗೆ ಇದ್ದಿಲು ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವರಿಗೆ ಗೊತ್ತಾಗುವ ಮೊದಲೇ ಪ್ರಾಣ ಹೋಗಬಹುದು. ಜನರೇಟರ್ ಹೊಗೆಯಲ್ಲಿರುವುದೂ ಇದೇ ಅನಿಲ. ಬೆಂಕಿಯೇನಿದ್ದರೂ ಬಯಲಿನಲ್ಲೇ ಇರಬೇಕು, ಮಲಗುವ ಜಾಗಕ್ಕೆ ಕಂಬಳಿಯೇ ಕ್ಷೇಮ.

ಕಬ್ಬಿಣ ಕದಿಯಲು ಬಂದವರನ್ನು ಒಬ್ಬರೇ ಎದುರಿಸುವುದು ಧೈರ್ಯವಲ್ಲ. ದೂರ ಸರಿದು 112ಕ್ಕೆ ಕರೆ ಮಾಡುವುದೇ ಕಾವಲುಗಾರರ ಕರ್ತವ್ಯ. ಪೆಟ್ಟಾದರೆ ಆಂಬುಲೆನ್ಸ್‌ಗೆ 108. ಹೊಸ ಬಡಾವಣೆಗಳಲ್ಲಿ ಮನೆ ಸಂಖ್ಯೆ ಇರುವುದಿಲ್ಲವಾದ್ದರಿಂದ ದಾರಿಯ ಗುರುತುಗಳನ್ನು ಬಾಗಿಲ ಬಳಿ ಬರೆದಿಡಬೇಕು.

ಮೇಸ್ತ್ರಿಯೋ ಮಾಲೀಕರೋ ರಾತ್ರಿ ಗೊತ್ತಾದ ಹೊತ್ತಿಗೆ ಫೋನ್ ಮಾಡಲಿ. ಉತ್ತರ ಬರದಿದ್ದರೆ ಬೆಳಗಾಗಲೆಂದು ಕಾಯದೆ ಹೋಗಿ ನೋಡಲಿ.