ವಿಲಾಯತಿ ಕೋಸು, ಚಾಳಿನ ಮೆಂತ್ಯ

ಕಾಯಿಪಲ್ಲೆಗೂ ಒಂದು ಪಂಚಾಂಗವುಂಟು. ಇಂಗ್ಲೆಂಡಿನಲ್ಲಿ ಕೋಸು, ಬಟಾಣಿ, ಗಜ್ಜರಿಗಳನ್ನು ವಸಂತದಲ್ಲಿ ಬಿತ್ತಿ ಬೇಸಿಗೆಯಲ್ಲಿ ಉಣ್ಣುತ್ತಾರೆ. ಅವರ ಬೇಸಿಗೆಯ ತಂಪು ನಮಗೆ ಚಳಿಗಾಲದಲ್ಲಿ ಮಾತ್ರ ದೊರೆಯುವುದು. ಆದುದರಿಂದ ಪುಣೆಯ ದಂಡಿನ ಬಂಗಲೆಗಳಲ್ಲಿದ್ದ ಇಂಗ್ಲಿಷರು ತಮ್ಮ ಊರಿನ ಲೆಕ್ಕವನ್ನು ಬಿಟ್ಟು, ಮಳೆ ಹಿಂದೆಗೆಯುವ ಹೊತ್ತಿಗೆ ಬಿತ್ತಬೇಕಾಯಿತು. ಮಹಾಬಳೇಶ್ವರದಲ್ಲಂತೂ ಅವರ ಆಲೂಗಡ್ಡೆ, ವಿಲಾಯತಿ ಪಲ್ಲೆಗಳ ಕೃಷಿಯನ್ನು ಸುಧಾರಿಸಿದವರು ಅಲ್ಲಿಯ ಸೆರೆಮನೆಯಲ್ಲಿದ್ದ ಚೀನೀ ಕೈದಿಗಳು. ಆ ಸೆರೆಮನೆ 1864ರಲ್ಲಿ ಮುಚ್ಚಿತು, ತೋಟಗಳು ಉಳಿದವು.

ಹೂಕೋಸಿನ ಕಥೆ ಇನ್ನೂ ಸ್ವಾರಸ್ಯದ್ದು. ಅದರ ಬೀಜವು 1822ರಲ್ಲಿ ಇಂಗ್ಲೆಂಡಿನಿಂದ ಸಹಾರನಪುರದ ಕಂಪನಿ ತೋಟಕ್ಕೆ ಬಂದಿತು. ಸೆಕೆಯಲ್ಲಿಯೂ ಗಡ್ಡೆ ಕಟ್ಟಿದ ಗಿಡಗಳ ಬೀಜವನ್ನೇ ನಮ್ಮ ಬೆಳೆಗಾರರು ವರ್ಷವರ್ಷವೂ ಆರಿಸಿ ಇಟ್ಟರು. ನೂರು ವರ್ಷಗಳಲ್ಲಿ, 20ರಿಂದ 27 ಡಿಗ್ರಿ ಉಷ್ಣತೆಯಲ್ಲಿಯೂ ಹೂ ಬಿಡುವ ದೇಶೀ ಜಾತಿಯೇ ಸಿದ್ಧವಾಯಿತು. ವಿಲಾಯತಿಯ ಹಿಂಗಡ ಜಾತಿಗೆ ಇದಕ್ಕಿಂತ ಬಹಳ ತಂಪು ಬೇಕು. ಮುಂಗಡದ ಬೀಜವನ್ನು ತಡಮಾಡಿ ಬಿತ್ತಿದರೆ ಗುಂಡಿಯಷ್ಟೇ ಹೂವು. ಹಿಂಗಡದ್ದನ್ನು ಬೇಗ ಬಿತ್ತಿದರೆ ಬರಿಯ ಎಲೆ. ನಾವು ಒಮ್ಮೆ ಚೀಟಿ ಓದದೆ ಹಿಂಗಡದ ಬೀಜವನ್ನು ಜೂನಿನಲ್ಲಿಯೇ ಹಾಕಿ, ದೀಪಾವಳಿಗೆ ಎಲೆಯ ಪಲ್ಯ ಉಂಡೆವು.

ಹಾಗೆ ನೋಡಿದರೆ ಚಾಳಿನಲ್ಲಿರುವವರು ಹೂಕೋಸಿನ ಗೊಡವೆಗೆ ಹೋಗದಿರುವುದೇ ಲೇಸು. ಒಂದು ಡಬ್ಬಿ ಮೂರು ತಿಂಗಳು ಹಿಡಿದು ಒಂದೇ ಹೂ ಕೊಟ್ಟೀತು. ಅದೇ ಡಬ್ಬಿಯಲ್ಲಿ ಮೆಂತ್ಯ 25-30 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಹದಿನೈದು ಕಿಲೋ ಎಣ್ಣೆಯ ಖಾಲಿ ಡಬ್ಬಿಯನ್ನು ಅಡ್ಡ ಮಲಗಿಸಿ ಮೇಲಿನ ಮೈ ಕತ್ತರಿಸಿರಿ. ತಳಕ್ಕೆ ತೂತು ಕೊರೆದು ಒಡೆದ ಹಂಚಿನ ಚೂರು ಹರಡಿರಿ. ಎರಡು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕೊಳೆತ ಗೊಬ್ಬರ ಸಾಕು. ಮೆಂತ್ಯವನ್ನು ರಾತ್ರಿ ನೆನೆಹಾಕಿ ಬಿತ್ತಬೇಕು; ಕೊತ್ತಂಬರಿ ಬೀಜವನ್ನು ಇಬ್ಭಾಗವಾಗುವಂತೆ ಉಜ್ಜಿ ಬಿತ್ತಬೇಕು. ಅಕ್ಟೋಬರದಿಂದ ಫೆಬ್ರವರಿಯವರೆಗೆ ಮೆಂತ್ಯ, ಹಕ್ಕರಿಕೆ, ಮೂಲಂಗಿ. ಮಳೆಗಾಲಕ್ಕೆ ಬೆಂಡಿ, ಚವಳಿ, ಪುಂಡಿಪಲ್ಲೆ. ಪುಂಡಿಯ ಬೀಜವನ್ನು ಊರಿಗೆ ಹೋದಾಗಲೇ ತರುವುದು ವಾಸಿ.

ಡಬ್ಬಿಯಲ್ಲಿ ಎಂಥ ತೋಟವೆಂದು ನಗಬೇಡಿರಿ. ಬ್ರಿಟನ್ನಿನ ಪೇಟೆಗಳಲ್ಲಿ ಕಾರ್ಮಿಕರು ಬೆಳೆಯುತ್ತಿದ್ದುದೂ ಬಾಡಿಗೆಯ ತುಂಡುಭೂಮಿಯಲ್ಲಿಯೇ. ಅಲಾಟ್‌ಮೆಂಟ್ ಎಂಬ ಆ ತುಂಡಿನ ಹಳೆಯ ಅಳತೆ ನಮ್ಮ ಸುಮಾರು ಎರಡೂವರೆ ಗುಂಟೆ. 1939-45ರ ಯುದ್ಧದಲ್ಲಿ ಸರಕಾರವೇ ಜನರನ್ನು ಅಗೆಯಲು ಹುರಿದುಂಬಿಸಿತು. ಬಳಿಕ ಉತ್ಸಾಹ ಇಳಿಯಿತು. ಈಗ ಅಂಥ ತುಂಡುಗಳಲ್ಲಿ, ಲೆಸ್ಟರ್, ಬರ್ಮಿಂಗ್‌ಹ್ಯಾಮ್ ಮೊದಲಾದ ಕಡೆ, ನಮ್ಮ ದೇಶದಿಂದ ಹೋದ ಕುಟುಂಬಗಳು ಆಲೂಗಡ್ಡೆಯ ಪಕ್ಕದಲ್ಲಿ ಕೊತ್ತಂಬರಿ, ಮೆಂತ್ಯ ಬಿತ್ತುತ್ತಿವೆ. ಅಲ್ಲಿ ಅವರಿಗೂ ಪಂಚಾಂಗ ತಿರುವುಮುರುವು: ನಮ್ಮ ಚಳಿಗಾಲದ ಮೆಂತ್ಯ ಅವರಿಗೆ ಬೇಸಿಗೆಯ ಬೆಳೆ.

ಒಂದು ಮಾತು ಉಳಿಯಿತು. ಗ್ಯಾಲರಿಯಲ್ಲಿ ಡಬ್ಬಿಯಿಟ್ಟವರು ಅದರ ಕೆಳಗೊಂದು ಹಳೆಯ ತಾಟು ಇಡಿರಿ; ಕೆಳಗಿನ ಮನೆಯವರು ಅರಿವೆ ಒಣಹಾಕಿರುತ್ತಾರೆ.