ಸ್ಕ್ಯಾನರ್ ಇಟ್ಟೆ, ಲೆಕ್ಕದ ಪುಸ್ತಕ ಇಟ್ಟೆಯಾ?

ಅಂಗಡಿ ಹಾಕುತ್ತೀನಿ ಅಂತ ಕುಣಿಯುತ್ತಿದ್ದೀಯ. ಹಾಕು ಮರಿ. ಇನ್ನೊಬ್ಬರ ಕೈ ಕೆಳಗೆ ದುಡಿಯುವ ಜಾಯಮಾನ ನಿನ್ನದಲ್ಲ ಅಂತ ನಿಮ್ಮಜ್ಜಿ ಯಾವತ್ತೋ ಹೇಳಿಬಿಟ್ಟಿದ್ದಾಳೆ. ಮಳಿಗೆ ನೋಡಿದ್ದೀಯ, ಫ್ರಿಜ್ಜಿಗೆ ಅಡ್ವಾನ್ಸ್ ಕೊಟ್ಟಿದ್ದೀಯ, ಬೋರ್ಡಿಗೆ ಯಾವ ಬಣ್ಣ ಅಂತ ಗೆಳೆಯರ ಜತೆ ಮಧ್ಯರಾತ್ರಿವರೆಗೆ ಚರ್ಚೆಯೂ ಆಗಿದೆ. ಲೆಕ್ಕದ ಪುಸ್ತಕ ತಂದೆಯಾ ಅಂದರೆ ಮಾತ್ರ ಫೋನ್ ತೋರಿಸುತ್ತೀಯ: ‘ಎಲ್ಲಾ ಇದರಲ್ಲೇ ಇರುತ್ತೆ, ತಾತ.’

ಇರುತ್ತೆ, ಅದೇ ಫಜೀತಿ. 2025ರ ಜುಲೈನಲ್ಲಿ ಏನಾಯಿತು ಗೊತ್ತಲ್ಲ? ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ತರಿಸಿಕೊಂಡು ಬೇಕರಿ, ಕಾಂಡಿಮೆಂಟ್ಸ್, ಬೀಡಾ ಅಂಗಡಿ, ಹಾಲು-ತರಕಾರಿಯವರಿಗೆಲ್ಲ ನೋಟಿಸ್ ಕೊಟ್ಟರು. 2021-22ರಿಂದ ಹಿಡಿದು ಲೆಕ್ಕ ಕೊಡಿ ಅಂತ. ಮಾರನೇ ದಿನ ಗಾಜಿನ ಬರಣಿಗೆ ಒರಗಿಸಿದ್ದ ಸ್ಕ್ಯಾನರ್ ಮಾಯ, ಆ ಜಾಗದಲ್ಲಿ ‘ಕ್ಯಾಶ್ ಮಾತ್ರ’ ಅನ್ನುವ ರಟ್ಟು. ‘ಹತ್ತು ರೂಪಾಯಿ ಬಂದಿದೆ’ ಅಂತ ಊರಿಗೇ ಕೇಳುವಂತೆ ಕೂಗುತ್ತಿದ್ದ ಡಬ್ಬಿ ಬಾಯಿ ಮುಚ್ಚಿಕೊಂಡು ಒಳಗೆ ಸೇರಿತು. ವ್ಯಾಪಾರಿಗಳು ಬಂದ್ ಮಾಡುತ್ತೀವಿ ಅಂದರು. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರನ್ನು ಕರೆಸಿ, ಹಳೆ ಬಾಕಿ ಕೇಳುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಅಂದರು.

ಒಂದು ಸಲ ಬಿಟ್ಟರು ಅಂತ ಪ್ರತಿ ಸಲ ಬಿಡುತ್ತಾರೆ ಅಂದುಕೊಳ್ಳಬೇಡ. ಸರಕು ಮಾರುವವನಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ಸೇವೆಗಾದರೆ 20 ಲಕ್ಷ. ನಲವತ್ತು ಲಕ್ಷ ಅಂದರೆ ನಿನಗೆ ನಗು. ದಿನಕ್ಕೆ ಹನ್ನೊಂದು ಸಾವಿರ ಗಲ್ಲಾಪೆಟ್ಟಿಗೆಗೆ ಬಿದ್ದರೆ ಮುಗಿಯಿತು, ದಾಟಿದೆ. ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಗೆ ಅದು ದೊಡ್ಡ ಮಾತಲ್ಲ. ಲಾಭ ಎಷ್ಟು ಅಂತ ಯಾರೂ ಕೇಳುವುದಿಲ್ಲ, ವಹಿವಾಟು ಎಷ್ಟು ಅಂತ ಕೇಳುತ್ತಾರೆ. ಗೆಳೆಯನ ಕೈಸಾಲ, ಅಕ್ಕ ಕಳಿಸಿದ ಹಬ್ಬದ ದುಡ್ಡು, ಚೀಟಿ ದುಡ್ಡು ಎಲ್ಲವನ್ನೂ ಅದೇ ಸ್ಕ್ಯಾನರಿಗೆ ಹಾಕಿಸಿಕೊಂಡರೆ ಯಾವುದು ವ್ಯಾಪಾರ, ಯಾವುದು ಮನೆಯದು ಅಂತ ಆಮೇಲೆ ನೀನೇ ತಡಕಾಡಬೇಕು. ಅಂಗಡಿಗೇ ಒಂದು ಬೇರೆ ಖಾತೆ ತೆರೆ. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸಾಮಾನನ್ನು ಬೇರೆ ಬರೆದಿಡು. ಒಂದೂವರೆ ಕೋಟಿವರೆಗಿನ ವ್ಯಾಪಾರಿಗೆ ರಾಜಿ ತೆರಿಗೆ ಅಂತ ಇದೆ, ಶೇಕಡ 1 ಕಟ್ಟಿದರೆ ಆಯಿತು. ಆದರೆ ಗಿರಾಕಿಯಿಂದ ಆ ತೆರಿಗೆ ವಸೂಲಿ ಮಾಡುವ ಹಾಗಿಲ್ಲ. ರಾತ್ರಿ ಬಾಗಿಲು ಹಾಕುವ ಮುಂಚೆ ಹತ್ತು ನಿಮಿಷ ಕೂತು ಬರೆಯಪ್ಪ. ರೀಲ್ಸ್ ಎಲ್ಲೂ ಓಡಿಹೋಗುವುದಿಲ್ಲ.

ಬೋರ್ಡಿನ ಬಣ್ಣ ನಿನ್ನಿಷ್ಟ, ಅಕ್ಷರ ನಿನ್ನಿಷ್ಟವಲ್ಲ. 2024ರ ತಿದ್ದುಪಡಿ ಪ್ರಕಾರ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕು. ಟ್ರೇಡ್ ಲೈಸೆನ್ಸ್ ಆಮೇಲೆ ನೋಡೋಣ ಅಂತ ಮುಂದೂಡಬೇಡ. ಬೆಂಗಳೂರಿನಲ್ಲೇ ಹಾಕುವುದಾದರೆ ನಿನ್ನ ಬೀದಿ ಯಾವ ಪಾಲಿಕೆಗೆ ಸೇರಿತು ಅಂತ ಮೊದಲು ವಿಚಾರಿಸು. 2025ರ ಸೆಪ್ಟೆಂಬರಿನಿಂದ ಅಲ್ಲಿ ಐದು ಪಾಲಿಕೆ.

ನಾಲ್ಕು ಕಾಸು ಕೂಡಿದ ಮೇಲೆ ಅಗ್ಗದ ರೆವಿನ್ಯೂ ಸೈಟಿಗೆ ಕೈ ಹಾಕುವವನು ನೀನು, ನನಗೆ ಗೊತ್ತು. ‘ಬಿ ಖಾತೆ ಕೊಟ್ಟಿದ್ದಾರೆ, ಎಲ್ಲಾ ಸಕ್ರಮ’ ಅಂತ ದಲ್ಲಾಳಿ ಹೇಳುತ್ತಾನೆ. ಖಾತೆ ಕಂದಾಯ ಕಟ್ಟುವುದಕ್ಕೆ ಇರುವುದು, ಒಡೆತನದ ಪತ್ರವಲ್ಲ. ಮೂಲಪತ್ರ ನೋಡು, ಇಸಿ ತೆಗೆಸು, ಇ-ಖಾತೆ ಇದೆಯಾ ಕೇಳು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡ 1 ಇದ್ದದ್ದು 2 ಆಗಿದೆ, ಅದನ್ನೂ ಲೆಕ್ಕಕ್ಕೆ ಹಿಡಿ.

ಈಗ ಮನೆ ವಿಷಯ. ಅಪ್ಪ-ಅಮ್ಮನ ಹತ್ತಿರ ಮನೆಯನ್ನು ದಾನಪತ್ರ ಮಾಡಿಸಿಕೊಂಡರೆ ಬ್ಯಾಂಕ್ ಸಾಲ ಸಲೀಸು ಅಂತ ಯಾರೋ ನಿನ್ನ ಕಿವಿ ಊದಿದ್ದಾರೆ. ನೋಡಿಕೊಳ್ಳುತ್ತೀನಿ ಅಂತ ಬರೆಸಿಕೊಂಡು ಕೈಬಿಟ್ಟರೆ, 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನಡಿ ಆ ಪತ್ರವನ್ನೇ ರದ್ದು ಮಾಡಿಸಬಹುದು. ಆಸ್ತಿಯನ್ನು ಹೆತ್ತವರ ಕೈಗೆ ವಾಪಸ್ ಕೊಡಿಸುವ ಅಧಿಕಾರ ನ್ಯಾಯಮಂಡಳಿಗಿದೆ ಅಂತ 2025ರ ಜನವರಿ 2ರಂದು ಸುಪ್ರೀಂ ಕೋರ್ಟೂ ಹೇಳಿದೆ. ನಿಮ್ಮಪ್ಪನಿಗೆ ಇದನ್ನು ಓದಿ ಹೇಳಿದ್ದು ನಾನೇ. ಮುಖ ಊದಿಸಿಕೊಳ್ಳಬೇಡ.

ಊರಿನ ಹೊಲ ಮಾರಿ ಬಂಡವಾಳ ಹಾಕುತ್ತೀಯಂತೆ. ‘ಅಕ್ಕನ ಹತ್ತಿರ ಒಂದು ರುಜು ಹಾಕಿಸಿಕೊಂಡರೆ ಆಯಿತು’ ಅಂದೆಯಂತಲ್ಲ! ಅದು ಪಿತ್ರಾರ್ಜಿತ, ಮರಿ. ಅದರಲ್ಲಿ ಅವಳಿಗೂ ನಿನ್ನಷ್ಟೇ ಪಾಲು. ನಮ್ಮ ರಾಜ್ಯ 1994ರಲ್ಲೇ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು, ಅಷ್ಟರೊಳಗೆ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಗೆರೆ ಅಳಿಸಿತು. ತಂದೆ ಆಗ ಬದುಕಿದ್ದರೂ ಇಲ್ಲದಿದ್ದರೂ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಅಂತ 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗಪತ್ರವೋ ಕೋರ್ಟಿನ ಡಿಕ್ರಿಯೋ ಇದ್ದರೆ ಅದು ಬೇರೆ ಮಾತು. ನಮ್ಮಲ್ಲಿ ಅದಿಲ್ಲ. ‘ಮದುವೆಗೆ ಖರ್ಚು ಮಾಡಿದ್ದೀವಲ್ಲ’ ಅನ್ನುವ ರಾಗ ಬೇಡ. ನಿನ್ನ ಇಂಜಿನಿಯರಿಂಗ್ ಫೀಸನ್ನು ಅವಳು ಯಾವತ್ತಾದರೂ ಲೆಕ್ಕ ಕೇಳಿದ್ದಾಳಾ?

ಅವಳು ಖುಷಿಯಿಂದ ಬಿಟ್ಟುಕೊಟ್ಟರೆ ಹಕ್ಕು ಖುಲಾಸೆ ಪತ್ರ ಮಾಡಿಸು. ಪ್ರತಿ ಪುಟವನ್ನೂ ಅವಳೇ ಓದಲಿ, ಭಾವನಿಗೂ ತಿಳಿದಿರಲಿ, ಸಬ್ ರಿಜಿಸ್ಟ್ರಾರ್ ಮುಂದೆ ನೋಂದಣಿಯಾಗಲಿ. ಪಾಲು ಕೇಳಿದರೆ ಕೊಡು. ಅಂಗಡಿ ಸ್ವಲ್ಪ ಚಿಕ್ಕದಾಗುತ್ತದೆ, ಅಷ್ಟೇ ತಾನೇ?

ಈ ಭಾನುವಾರ ಅಕ್ಕನ ಮನೆಗೆ ಹೋಗಿ ಬಾ. ಬರಿಗೈಲಿ ಹೋಗಬೇಡ. ಹಾಗಂತ ಛಾಪಾ ಕಾಗದ ಹಿಡಿದುಕೊಂಡೂ ಹೋಗಬೇಡ.